ಒಂಬತ್ತು ಗಂಟೆಯೊಳಗೆ ಚೆನ್ನಾಗಿರತಕ್ಕದ್ದು

ನಮ್ಮ ಹೆಡ್ ಮೇಡಂ ರಜೆ ಕೊಡುವ ವೈಖರಿ ನೋಡಿದರೆ, ಈ ರಜೆಯೇ ಬೇಡ, ಶಾಲೆಯಲ್ಲೇ ಬಿದ್ದಿರುತ್ತೇವೆ ಅನ್ನಿಸಬೇಕು! ನರಸೀಪುರದ ನಮ್ಮ ಪ್ರೌಢಶಾಲೆಗೆ ಡಿಸೆಂಬರ್ ಕೊನೆಯಲ್ಲಿ ಸಿಗುವುದು ಒಂದೇ ವಾರದ ರಜೆ. ಅದಕ್ಕೆ ಸಿಬ್ಬಂದಿಗೆಂದು ಮೇಡಂ ಬರೆಯುವ ಸೂಚನೆಗಳು ಎಂಟು ಪುಟ. ವಾಟ್ಸಾಪಿನ ಈ ಕಾಲದಲ್ಲೂ ಕೈಬರಹ, ನೋಟೀಸ್ ಬುಕ್ಕು, ಕೆಳಗೆ ನಮ್ಮ ಏಳು ಜನರ ಸಹಿ.

"ಸಾ, ಪೂರ್ತಿ ಓದಿ ಸೈನ್ ಆಕ್ಬೇಕಂತೆ," ಎಂದು ಜವಾನ ಪುಸ್ತಕ ಹಿಡಿದು ನಿಲ್ಲುತ್ತಾನೆ. "ಓದ್ದೆ ಆಕುದ್ರೆ ಮೇಡಂ ಪ್ರಶ್ನೆ ಕೇಳ್ತಾರೆ, ನೋಡ್ಕಳಿ."

ಕೇಳುತ್ತಾರೆ, ನಿಜ! ಆದರೆ ಓದುವುದರಲ್ಲಿ ಒಂದು ಸುಖವೂ ಉಂಟು. ಒಂದೊಂದು ಸೂಚನೆಯ ಹಿಂದೆಯೂ ನಮ್ಮಲ್ಲೊಬ್ಬರ ಘನಕಾರ್ಯವಿದೆ. 'ಡ್ರಾಯರಿನಲ್ಲಿ ಬಾಳೆಹಣ್ಣು ಬಿಟ್ಟುಹೋಗಬಾರದು' ಎಂಬುದು ಗಣಿತದ ಮೇಷ್ಟ್ರ ಕಾಣಿಕೆ. ಇರುವೆಗಳು ಅವರ ಉತ್ತರಪತ್ರಿಕೆಗಳನ್ನೂ ಮೌಲ್ಯಮಾಪನ ಮಾಡಿದ್ದವು. 'ಅಸ್ಥಿಪಂಜರಕ್ಕೆ ಪಂಚೆ ಹೊದಿಸತಕ್ಕದ್ದು' ಎಂಬುದು ವಿಜ್ಞಾನದ ಮೇಷ್ಟ್ರಾದ ನನ್ನದು. ಅದನ್ನು ರಸ್ತೆ ಕಡೆಯ ಕಿಟಕಿಗೆ ಮುಖ ಮಾಡಿ ನಿಲ್ಲಿಸಿ ಊರಿಗೆ ಹೋಗಿದ್ದೆ. ಬೆಳಗಿನ ಮಂಜಿನಲ್ಲಿ ಅದನ್ನು ಕಂಡ ಹಾಲಿನವನು ಕ್ಯಾನು ಅಲ್ಲೇ ಎಸೆದು ಓಡಿದನಂತೆ. 'ಶಬರಿಮಲೆಗೆ ಹೋಗುವವರು ಗೇಟಿನ ಬೀಗದ ಕೈ ಕೊಟ್ಟುಹೋಗತಕ್ಕದ್ದು' ಎಂಬುದು ಯಾರದು ಎಂದು ಪಿ.ಟಿ. ಮೇಷ್ಟ್ರನ್ನು ಕೇಳಬೇಕು. ಆ ವರ್ಷ ಅವರು ವಾಪಸು ಬರುವವರೆಗೆ ನಮ್ಮ ಪ್ರಾರ್ಥನೆ, ಪಾಠ ಎಲ್ಲ ರಸ್ತೆಯಲ್ಲೇ!

ಕೊನೆಯ ಸೂಚನೆಗೆ ಮಾತ್ರ ಯಾರೂ ನಗುವುದಿಲ್ಲ. 'ರಜೆಯ ಪ್ರತಿದಿನ ಬೆಳಿಗ್ಗೆ ಒಂಬತ್ತರೊಳಗೆ ಮುಖ್ಯೋಪಾಧ್ಯಾಯಿನಿಯವರಿಗೆ ಫೋನ್ ಮಾಡಿ, ಚೆನ್ನಾಗಿದ್ದೇನೆ ಎಂದು ತಿಳಿಸತಕ್ಕದ್ದು.' ಹನ್ನೊಂದು ವರ್ಷದ ಹಿಂದೆ ನಮ್ಮಲ್ಲೊಬ್ಬರು ಡ್ರಾಯಿಂಗ್ ಮೇಷ್ಟ್ರಿದ್ದರು. ಒಂಟಿ ಮನುಷ್ಯ, ಬಾಡಿಗೆ ರೂಮು. ರಜೆಯಲ್ಲಿ ಎದೆನೋವು ಬಂದು ರೂಮಿನಲ್ಲೇ ಹೋಗಿಬಿಟ್ಟಿದ್ದರು. ನಮಗೆ ಗೊತ್ತಾದದ್ದು ಶಾಲೆ ತೆರೆದ ದಿನ, ಹಾಜರಿ ಪುಸ್ತಕದಲ್ಲಿ ಅವರ ಸಹಿ ಇಲ್ಲದ್ದನ್ನು ಕಂಡಾಗ. ಆ ತಪ್ಪು ಒಬ್ಬರದಲ್ಲ, ನಮ್ಮೆಲ್ಲರದು. ಮೇಡಂ ಕೂಡ ಮೂಗೂರಿನಲ್ಲಿ ಒಬ್ಬರೇ ಇರುವವರು.

ಹಾಗಂತ ಫೋನ್ ಮರೆತರೆ ಬಿಡುತ್ತಾರೆಯೇ? ಒಂದು ವರ್ಷ ಕಳಲೆಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಎಲ್ಲರೂ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ನನ್ನ ಫೋನು ಸಿಪ್ಪೆಯ ರಾಶಿಯ ಅಡಿಯಲ್ಲೆಲ್ಲೋ ಸೇರಿಹೋಗಿತ್ತು. ಹನ್ನೊಂದಕ್ಕೆ ಬಾಗಿಲಲ್ಲಿ ಆಟೋ! ರಜೆಯ ವಿಳಾಸ ಬರೆದುಕೊಡಬೇಕೆಂಬುದು ಏಳನೆಯ ಸೂಚನೆ, ಬರೆದುಕೊಟ್ಟಿದ್ದವನು ನಾನೇ.

"ಬದುಕಿದ್ದೀರಾ?" ಎಂದರು ಮೇಡಂ, ಆಟೋದಿಂದ ಇಳಿಯದೆಯೇ.

"ಇದ್ದೀನಿ ಮೇಡಂ."

"ಹಾಗಿದ್ರೆ ಸರಿ." ಬಂದ ಆಟೋದಲ್ಲೇ ಹೊರಟುಹೋದರು.

"ಯಾರ್ಲಾ ಆವಮ್ಮ, ಪೊಲೀಸ್ನೋರಾ?" ಎಂದು ಮಾವ ನಡುಗುತ್ತಾ ಕೇಳಿದರು. ಪೊಲೀಸರಾದರೆ ಒಂದು ಲೋಟ ಕಾಫಿಯನ್ನಾದರೂ ಕುಡಿದುಹೋಗುತ್ತಿದ್ದರು.

ಈ ಸಲದ ರಜೆಯ ಮೂರನೆಯ ದಿನ. ನಂಜನಗೂಡಿನ ಮನೆಯಲ್ಲಿ ಕಂಬಳಿಯೊಳಗಿಂದಲೇ ಫೋನ್ ಮಾಡಿದೆ. ಎತ್ತಿದ್ದು ಯಾವುದೋ ಗುರುತಿಲ್ಲದ ದನಿ.

"ನಾನು ಮೈಸೂರು ಆಸ್ಪತ್ರೆ ಸಿಸ್ಟರ್ ಸಾರ್. ಮೇಡಮ್‌ನ ಸ್ಕ್ಯಾನಿಂಗ್‌ಗೆ ಕರ್ಕೊಂಡ್ ಹೋಗಿದಾರೆ. ಏಳು ಹೆಸರು ಬರ್ದು ನನ್ ಕೈಲಿ ಕೊಟ್ಟಿದಾರೆ. ನೀವ್ಯಾರು?"

ಹೆಸರು ಹೇಳಿದೆ. "ಏನಾಗಿದೆ ಅವರಿಗೆ?"

"ಹೊಟ್ಟೇಲಿ ಗೆಡ್ಡೆ. ನಾಳೆ ಆಪರೇಷನ್, ಮೂರು ದಿನದಿಂದ ಇಲ್ಲೇ ಇದಾರೆ. ಮೊದ್ಲು ನೀವ್ ಚೆನ್ನಾಗಿದೀರಾ ಹೇಳಿ ಸಾರ್, ಟಿಕ್ ಹಾಕ್ಬೇಕು. ಇಲ್ಲಾಂದ್ರೆ ಬಂದು ನನ್ನ ಬೈತಾರೆ."

ಹಿಂದಿನ ಎರಡು ದಿನವೂ ಆ ಆಸ್ಪತ್ರೆಯ ಮಂಚಕ್ಕೇ ಫೋನ್ ಮಾಡಿ, ಚೆನ್ನಾಗಿದ್ದೀನಿ ಎಂದು ಒದರಿ, ಕಟ್ ಮಾಡಿ ಮತ್ತೆ ಮಲಗಿದ್ದೆ. ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ 'ನೀವು ಹೇಗಿದ್ದೀರಿ ಮೇಡಂ' ಎಂದು ಕೇಳಿದ್ದೆನೇ? ಯಾರಾದರೂ ಕೇಳಿದ್ದರೇ? ಎಂಥ ಜನ ನಾವು! ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸಿಕ್ಕ ಬಸ್ಸು ಹತ್ತಿ ಮೈಸೂರಿಗೆ ಹೋದೆ. ವಾರ್ಡಿನ ಬಾಗಿಲಲ್ಲಿ ಗಣಿತದ ಮೇಷ್ಟ್ರು ಆಗಲೇ ನಿಂತಿದ್ದರು. ಕಪ್ಪು ಪಂಚೆ, ಮಾಲೆಯ ಪಿ.ಟಿ. ಮೇಷ್ಟ್ರೂ ಇದ್ದರು. ಒಳಗೆ ಹೋಗುವ ಧೈರ್ಯ ಇಬ್ಬರಿಗೂ ಬಂದಿರಲಿಲ್ಲ. ಮೂವರೂ ಒಟ್ಟಿಗೆ ನುಗ್ಗಿದೆವು. ಮಂಚದ ಮೇಲಿದ್ದ ಮೇಡಂ ಅರ್ಧಕ್ಕರ್ಧ ಸೊರಗಿಹೋಗಿದ್ದರು. ದನಿ ಮಾತ್ರ ಹಾಗೇ ಇತ್ತು.

"ಊರು ಬಿಟ್ಟು ಬರೋಕೆ ಯಾರು ಪರ್ಮಿಷನ್ ಕೊಟ್ರು ನಿಮಗೆ?"

"ಮೇಡಂ," ಎಂದೆ, "ನೀವು ಹೇಗಿದ್ದೀರಿ?"

ಎಂಥ ಪ್ರಶ್ನೆಗೂ ತಡವರಿಸಿದವರಲ್ಲ ಅವರು. ಈಗ ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದರು, ಸರಿಯಾಗಿದ್ದದ್ದನ್ನು ಮತ್ತೆ ಎಳೆದು ಸರಿಮಾಡಿದರು.

"ಭಯ ಆಗ್ತಿದೆ ಕಣ್ರೀ," ಎಂದರು. "ಸ್ವಲ್ಪ ಹೊತ್ತು ಇರ್ತೀರಾ?"

ಮಂಚದ ಪಕ್ಕದ ಬೆಂಚಿನಲ್ಲಿ ಇಬ್ಬರಿಗಷ್ಟೇ ಜಾಗವಿತ್ತು. ಮೂವರೂ ಕೂತೆವು.