ಭಾವನ ನಿಲ್ಲದ ಬೆಲ್ಟು

"ಇದನ್ನ ಕಟ್ಕೊಂಡ್ರೆ ನಿನ್ನ ಕಾಲು ನಿಲ್ಲೋ ಮಾತೇ ಇಲ್ಲ, ವಿಶಾಲು!" ಎಂದರು ನಮ್ಮ ಭಾವ ತಿರುಮಲಯ್ಯ.

ಭಾವ ಎಂದರೆ ನನ್ನ ಅಕ್ಕ ಪದ್ಮಳ ಗಂಡ. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯವರೇ. ಕೆಲಸದಿಂದ ನಿವೃತ್ತರಾದ ಮೇಲೆ ತಿಂಗಳಿಗೊಂದು ಯಂತ್ರ ಮಾಡುತ್ತಾರೆ, ಅದನ್ನು ಪರೀಕ್ಷೆ ಮಾಡಲು ನನ್ನನ್ನೇ ಕರೆಯುತ್ತಾರೆ. ಈ ಸಲದ್ದು ಒಂದು ಸೊಂಟದ ಬೆಲ್ಟು. ಮುಂದೆ ಗುಂಡಿಯಷ್ಟು ಕ್ಯಾಮೆರಾ ಕಣ್ಣು, ಅಲ್ಲಿಂದ ಮೊಣಕಾಲುಗಳಿಗೆ ಇಳಿದ ತಂತಿ, ತುದಿಯಲ್ಲಿ ಪುಟ್ಟ ಮೋಟಾರು.

ನಾನು ತೆಪ್ಪಗೆ ಕಟ್ಟಿಸಿಕೊಂಡದ್ದಕ್ಕೆ ಕಾರಣವಿತ್ತು. ಹೋದ ವರ್ಷ ಬಡಾವಣೆಯ ಕೆರೆ ಓಟದಲ್ಲಿ ಐದು ಕಿಲೋಮೀಟರಿಗೆ ಹೆಸರು ಕೊಟ್ಟು, ಮೂರರಲ್ಲೇ ಕುಸಿದು ಕೂತು, ಆಂಬುಲೆನ್ಸಿನಲ್ಲಿ ವಾಪಸ್ ಬಂದಿದ್ದೆ. ಆ ವಿಡಿಯೊ ಮನೆಮಂದಿಯ ಗ್ರೂಪಿನಲ್ಲಿ ಹಬ್ಬಹಬ್ಬಕ್ಕೂ ಮತ್ತೆ ಬರುತ್ತದೆ. ಈ ಸಲ ಎಲ್ಲೂ ನಿಲ್ಲದೆ, ನನ್ನ ಕಾಲ ಮೇಲೇ ಮುಗಿಸಬೇಕೆಂಬುದೊಂದೇ ಹಟ. ಜೂನಿನಲ್ಲಿ ಕೆರೆ ದಂಡೆಯ ಮೊದಲ ಕಲ್ಲುಬೆಂಚಿಗೇ ಏದುಸಿರು ಬಿಡುತ್ತಿದ್ದವಳು ನವೆಂಬರಿನ ಹೊತ್ತಿಗೆ ನಾಲ್ಕು ಕಿಲೋಮೀಟರ್ ಮುಟ್ಟಿದ್ದೆ. ಆದರೆ ನೀರಿಗೆ ಹೆಜ್ಜಾರ್ಲೆ ಹಕ್ಕಿ ಇಳಿದರೆ ನಿಲ್ಲುತ್ತೇನೆ. ಮಿಂಚುಳ್ಳಿ ಕಂಡರೆ ನಿಲ್ಲುತ್ತೇನೆ. ಆಕಾಶಮಲ್ಲಿಗೆ ಉದುರಿದ ದಾರಿಯಲ್ಲಂತೂ ಹೂವು ತುಳಿಯಲು ಮನಸ್ಸು ಬಾರದೆ ನಿಂತೇ ಬಿಡುತ್ತೇನೆ.

"ನಿನಗಿರೋದು ಉಸಿರಿನ ತೊಂದರೆ ಅಲ್ಲ ಕಣಮ್ಮ, ಹಕ್ಕಿ ತೊಂದರೆ," ಎಂದು ಭಾವ ಗುಂಡಿ ಒತ್ತಿದರು.

ಕಾಲುಗಳು ತಾವಾಗಿಯೇ ಹೊರಟವು. ಗೇಟಿನವರೆಗೆ ಹೋದೆ, ತಿರುಗಿದೆ, ಬಂದೆ. ಬರುವಾಗ ತುಳಸಿಕಟ್ಟೆಗೆ ಮೂರು ಸುತ್ತು ಹಾಕಿದೆ. ಅಷ್ಟರಲ್ಲಿ ಅರೆಬರೆ ಚಾರ್ಜಾಗಿದ್ದ ಬ್ಯಾಟರಿ ಮುಗಿದು ಬೆಲ್ಟು ನಿಂತಿತು.

"ಇದೇನು ಭಾವ?"

"ಹೊಸ ಮೋಟಾರು, ಸ್ವಲ್ಪ ಎಳೆಯುತ್ತೆ. ದಾರೀಲಿ ಸರಿಹೋಗುತ್ತೆ ಬಿಡು."

ಭಾನುವಾರ ಓಟ ಶುರುವಾಯಿತು. ಮೊದಲ ಕಿಲೋಮೀಟರ್ ಅದೆಷ್ಟು ಸುಖ! ಹೆಜ್ಜಾರ್ಲೆಗಳು ಇಳಿದರೂ ಕಾಲು ನಿಲ್ಲಲಿಲ್ಲ. ಆಮೇಲೆ ಒಂದು ಬೇವಿನ ಮರ ಬಂತು. ನನ್ನ ಕಾಲು ದಾರಿ ಬಿಟ್ಟು ಅದಕ್ಕೆ ಮೂರು ಸುತ್ತು ಹಾಕಿ ಮತ್ತೆ ದಾರಿಗೆ ಬಂತು. ಮುಂದಿನ ಹೊಂಗೆಗೂ ಅದೇ ಮರ್ಯಾದೆ.

ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ ಭಾವನನ್ನು ಕೇಳಿದೆ: "ಈ ಬೆಲ್ಟಿಗೆ ಹೆಜ್ಜೆ ಹಾಕೋದು ಕಲಿಸಿದ್ದು ಯಾರು?"

"ನನಗೆ ಮಂಡಿನೋವಲ್ವೇ? ಅದಕ್ಕೆ ನಿಮ್ಮಕ್ಕನಿಗೆ ಕಟ್ಟಿದ್ದೆ. ಗಂಟೆಗಟ್ಟಲೆ ನಿಲ್ಲದೆ ನಡೀತಾಳೆ."

"ಎಲ್ಲಿ ನಡೀತಾಳೆ?"

ಸೈಕಲ್ ಸ್ವಲ್ಪ ವಾಲಿತು. "ಬೆಳಿಗ್ಗೆ ತುಳಸಿಗೆ ಮೂರು ಸುತ್ತು. ಆಮೇಲೆ ಅರಳಿಕಟ್ಟೆಗೆ ನೂರೆಂಟು."

"ನಿಲ್ಲಿಸೋ ಗುಂಡಿ ಎಲ್ಲಿ?"

"ನಿಲ್ಲಬಾರದು ಅಂತ ತಾನೇ ಮಾಡಿದ್ದು? ಬ್ಯಾಟರಿ ಮುಗಿಯೋವರೆಗೂ ಬಕಲ್ಲೂ ಬಿಚ್ಚಲ್ಲ."

ಸೈಕಲ್ಲಿನ ಗಾಳಿ ಬಿಡಬೇಕೆನಿಸಿತು, ಆದರೆ ಅದಕ್ಕೂ ನಿಲ್ಲಬೇಕಲ್ಲ. ಹನ್ನೊಂದು ಮರ ಸುತ್ತಿದೆ. ಸಿಟ್ಟಿನ ನಡುವೆಯೂ ಒಂದು ಮಾತು ಒಪ್ಪಬೇಕು: ಐದು ತಿಂಗಳಿಂದ ಒಂದೇ ಬದಿಯಿಂದ ನೋಡಿದ್ದ ಮಾವಿನ ಮರದ ಬೆನ್ನಿಗೆ ಪೊಟರೆಯಿತ್ತು, ಅದರಲ್ಲಿ ಕುಟ್ರುಹಕ್ಕಿ ಇತ್ತು. ಮೊದಲ ಸುತ್ತಿಗೆ ತಲೆ ಒಳಗೆಳೆದುಕೊಂಡಿತು. ಮೂರನೆಯದಕ್ಕೆ ಸುಮ್ಮನೆ ನನ್ನನ್ನೇ ನೋಡಿತು. ನನಗೆ ನಗು ಬಂತು.

ಮೂರನೇ ಕಿಲೋಮೀಟರಿನಲ್ಲಿ ಹಸಿರು ಸಫಾರಿ ತೊಟ್ಟ ಮುಖ್ಯ ಅತಿಥಿಗಳು ನಿಂತಿದ್ದರು. ಹಸಿರು, ದಪ್ಪ, ಅಲುಗಾಡುವುದಿಲ್ಲ. ಬೆಲ್ಟಿಗೆ ಅಷ್ಟೇ ಸಾಕಾಯಿತು. ಮೂರನೇ ಸುತ್ತಿಗೆ ಅವರು ಕೈಯೆತ್ತಿ ಆಶೀರ್ವಾದ ಮಾಡಿದರು.

ನಾಲ್ಕನೇ ಕಿಲೋಮೀಟರಿನಲ್ಲಿ ದೊಡ್ಡ ಅರಳಿಮರ. ಅದರ ಕೆಳಗೆ ಫ್ಲಾಸ್ಕ್ ಹಿಡಿದು ಕಾಯುತ್ತಿದ್ದ ಅಕ್ಕನಿಗೆ ನಾನು ಸುತ್ತುವುದು ನೋಡಿ ಕಣ್ಣು ತುಂಬಿ ಬಂತು. "ಈಗ್ಲಾದ್ರೂ ಭಕ್ತಿ ಬಂತಲ್ಲೇ," ಎಂದು ಎಣಿಸತೊಡಗಿದಳು.

ಹಿಂದೆ ಬಂದ ಒಬ್ಬಾಕೆ, "ಓಟದ ದಾರಿ ಹೀಗೇನಾ?" ಎಂದು ನನ್ನ ಹಿಂದೆ ಸೇರಿಕೊಂಡರು. ಅವರ ಹಿಂದೆ ಇನ್ನೂ ಆರು ಜನ ಬಂದರು. ಅರವತ್ತೊಂದನೇ ಸುತ್ತಿಗೆ ಬೆಲ್ಟು ಕುಯ್ಯೆಂದು ಸತ್ತಿತು, ಬಕಲ್ಲು ತಾನಾಗಿ ಬಿಚ್ಚಿತು.

ಎದುರಿಗೇ ಕಲ್ಲುಬೆಂಚು. ದೂರದಲ್ಲಿ ಆಂಬುಲೆನ್ಸ್ ನಿಧಾನಕ್ಕೆ ಬರುತ್ತಿತ್ತು, ಹೋದ ವರ್ಷದ ಅದೇ ಡ್ರೈವರು.

"ಕೂತ್ಕೊಳೇ, ಮಿಕ್ಕ ನಲವತ್ತೇಳು ನಾಳೆ ಹಾಕಿದ್ರಾಯ್ತು," ಎಂದಳು ಅಕ್ಕ.

ಕೂರಬೇಕೆಂದು ಎಷ್ಟು ಆಸೆಯಾಯಿತೆಂದರೆ ಅಳು ಬಂತು. ಆದರೆ ಇಷ್ಟು ಹೊತ್ತೂ ನಿಂತಿರಲಿಲ್ಲವಲ್ಲ, ಉಳಿದಿರುವುದು ಒಂದೇ ಕಿಲೋಮೀಟರ್. ಬೆಲ್ಟನ್ನು ಭಾವನ ಸೈಕಲ್ ಬುಟ್ಟಿಗೆ ಎಸೆದು ಓಡಿದೆ. ಮೋಟಾರಿಲ್ಲದ ಕಾಲು ಹಗುರವಾಗಿತ್ತು. ನೀರಿನಂಚಿನಲ್ಲಿ ಮಿಂಚುಳ್ಳಿ ಮುಳುಗಿ ಎದ್ದಿತು. ಓಡುತ್ತಲೇ ಕತ್ತು ತಿರುಗಿಸಿ ಕಣ್ತುಂಬ ನೋಡಿದೆ. ಇದು ಮೊದಲೇ ಯಾಕೆ ಹೊಳೆಯಲಿಲ್ಲವೋ! ನಾನು ಮುಟ್ಟಿದಾಗ ಬ್ಯಾನರ್ ಸುತ್ತಿಡುತ್ತಿದ್ದರು. ಡಬ್ಬದ ತಳದಿಂದ ಒಂದು ಪದಕ ಹುಡುಕಿ ಕೊಟ್ಟರು. ನಾನು ಗುರಿ ಮುಟ್ಟಿದ್ದನ್ನು ಭಾವ ತೆಗೆದ ವಿಡಿಯೊವನ್ನು ಈ ಸಲ ಗ್ರೂಪಿಗೆ ನಾನೇ ಹಾಕಿದೆ.

ಸಂಜೆ ಪದಕ ತೋರಿಸಲು ಅಕ್ಕನ ಮನೆಗೆ ಹೋದೆ. ಭಾವ ಬೆಲ್ಟನ್ನು ಚಾರ್ಜ್ ಮಾಡಿ, ದೋಷ ಹುಡುಕಲು ತಮ್ಮ ಸೊಂಟಕ್ಕೇ ಕಟ್ಟಿಕೊಂಡಿದ್ದರು. ಅಷ್ಟರಲ್ಲಿ ಹಸಿರು ಸೀರೆಯುಟ್ಟ ಅಕ್ಕ ಕಾಫಿ ಹಿಡಿದು ನಡುಮನೆಗೆ ಬಂದಳು. ಭಾವ ಮಂಡಿ ನೋವೆಂದು ನರಳುತ್ತಲೇ ಅವಳ ಸುತ್ತ ಒಂದು, ಎರಡು, ಮೂರು ಸುತ್ತು ಹಾಕಿದರು. ಅವಳು ಅಲ್ಲಾಡದೆ ನಿಂತಿದ್ದರಿಂದ ಮತ್ತೆ ಒಂದರಿಂದ ಶುರುವಾಯಿತು.

ಅಕ್ಕ ಆ ಕಾಫಿಯನ್ನು ತಾನೇ ಒಂದು ಗುಟುಕು ಕುಡಿದು ಹೇಳಿದಳು: "ಮದುವೆಯಾಗಿ ಮೂವತ್ತು ವರ್ಷಕ್ಕೆ ಒಂದು ಸರಿಯಾದ ಯಂತ್ರ ಮಾಡಿದ್ರಿ ನೋಡಿ."