ಅಜ್ಜಿಯ ಕಣ್ಣಿಗೆ ನನ್ನ ಸಹಿ

ನಮ್ಮ ಮನೆಯಲ್ಲಿ ಸಹಿ ಹಾಕುವ ಇಲಾಖೆ ನನ್ನದು. ನಾನು ಎಂ.ಎಸ್ಸಿ. ಮುಗಿಸಿ ನಮ್ಮೂರು ಪುರವರಕ್ಕೆ ಬಂದಾಗಿನಿಂದ, ಯಾವ ಅರ್ಜಿ ಬಂದರೂ ಅಪ್ಪ "ಓದಿರೋಳು ಹಾಕ್ಲಿ ಬುಡು" ಎಂದು ನನ್ನ ಮುಂದೆ ತಳ್ಳುತ್ತಾರೆ. ಹಾಗಾಗಿ ಅಜ್ಜಿಯ ಕಣ್ಣಿನ ಪೊರೆ ತೆಗೆಸಲು ಮಧುಗಿರಿಯ ಆಸ್ಪತ್ರೆಗೆ ಹೊರಟಾಗ ಬ್ಯಾಗಿನಲ್ಲಿ ಎರಡು ಪೆನ್ನು ಇಟ್ಟುಕೊಂಡೆ. ಹಿಂದಿನ ವಾರವಷ್ಟೇ ಊರಿನ ಬಸ್ಸೆಂದು ಸಿರಾ ಬಸ್ಸು ಹತ್ತಿದ್ದ ಅಜ್ಜಿಗೆ ಅಂದು ಆಪರೇಷನ್ ಆಗಲೇಬೇಕಿತ್ತು. ಡಾಕ್ಟರು ಬರುವುದು ವಾರಕ್ಕೊಂದೇ ದಿನ.

ವಾರ್ಡಿನಲ್ಲಿ ನರ್ಸ್ ಆಪರೇಷನ್ನಿನ ಒಪ್ಪಿಗೆ ಪತ್ರ ಕೊಟ್ಟರು. ಸಾಮಾನ್ಯರು ಅದನ್ನು ಓದದೆ ಸಹಿ ಹಾಕುತ್ತಾರೆ. ನಾನು ಗಟ್ಟಿಯಾಗಿ ಓದಿದೆ. ಸೋಂಕು, ರಕ್ತಸ್ರಾವ, ದೃಷ್ಟಿನಾಶ, ಎಲ್ಲವನ್ನೂ ಉದಾಹರಣೆ ಸಮೇತ ವಿವರಿಸಿದೆ. ಪಕ್ಕದ ಹಾಸಿಗೆಯ ತಾತ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟೇಬಿಟ್ಟರು!

ನಾನು ಸಂತೃಪ್ತಿಯಿಂದ ಸಹಿ ಹಾಕಿದೆ.

"ಲೇ, ಕಣ್ಣೇ ಹೋಗ್ಬೌದು ಅಂತ ಓದ್ಬುಟ್ಟು ನೀನೇ ಸೈನ್ ಹಾಕ್ಬುಟ್ಯಲ್ಲೇ!" ಎಂದರು ಅಜ್ಜಿ. "ಯಾರ ಕಣ್ಣೇ ಅದು?"

"ನಿಂಗೆ ಇದೆಲ್ಲ ಗೊತ್ತಾಗಲ್ಲ ಅಜ್ಜಿ."

ಡಾಕ್ಟರು ಬಂದು ಪತ್ರ ನೋಡಿದರು.

"ರೋಗಿ ಯಾರು?"

"ನಮ್ಮಜ್ಜಿ, ಸರ್."

"ರೋಗಿಯ ಸಹಿ ಅನ್ನೋ ಜಾಗದಲ್ಲಿ ಇರೋದು?"

"ನಂದು, ಸರ್. ಎಂ.ಎಸ್ಸಿ."

"ಅಜ್ಜಿಗೆ ಬುದ್ಧಿ ಸರಿಯಾಗಿದೆ ತಾನೇ? ಕಣ್ಣು ಅವರದು, ಒಪ್ಪಬೇಕಾದೋರೂ ಅವರೇ. ಇದು ನಡೆಯಲ್ಲ."

ಡಾಕ್ಟರು ಪತ್ರವನ್ನು ಹರಿದು ಹಾಕಿದರು. ಪಟ್ಟಿಯಲ್ಲಿ ಮೊದಲಿದ್ದ ಅಜ್ಜಿ ಕೊನೆಗೆ ಹೋದರು. ಹೊತ್ತು ಮೀರಿದರೆ ಮುಂದಿನ ವಾರ! ಎರಡು ಗಂಟೆ ನಾನು ನೆಲ ನೋಡುತ್ತಾ ಕುಳಿತೆ.

ಕೊನೆಗೆ ಡಾಕ್ಟರು ಅಜ್ಜಿಯ ಬಳಿ ಬಂದು, "ಏನ್ ಮಾಡ್ತೀವಿ ಗೊತ್ತಾ ಅಜ್ಜಿ?" ಎಂದರು.

"ಪೊರೆ ತೆಗ್ದು ಹೊಸ ಲೆನ್ಸ್ ಇಕ್ತೀರ. ಎಡವಟ್ಟೂ ಆಗ್ಬೌದು. ಅದ್ನ ನನ್ ಮೊಮ್ಮಗ್ಳು ವಾರ್ಡ್‌ಗೆಲ್ಲ ಸಾರವ್ಳೆ. ಆದ್ರೂ ಮಾಡಿ ಸ್ವಾಮಿ. ಒಲೆ ಮುಂದೆ ಯಾವತ್ತಿಂದ ಕೂರ್ಬೌದು? ಸಕ್ಕರೆ ಕಾಯ್ಲೆ ಮಾತ್ರೆ ಬೆಳಿಗ್ಗೆ ನುಂಗಿವ್ನಿ, ಪರವಾಗಿಲ್ವಾ?"

ಆ ಮಾತ್ರೆಯ ವಿಷಯ ನನಗೆ ಹೊಳೆದೇ ಇರಲಿಲ್ಲ! ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿಸಿ, ಪರವಾಗಿಲ್ಲ ಎಂದು ಹೊಸ ಒಪ್ಪಿಗೆ ಪತ್ರ ಕೊಟ್ಟರು.

ಅಜ್ಜಿ ನನ್ನ ಪೆನ್ನು ತೆಗೆದುಕೊಂಡು, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಒಂದೊಂದೇ ಅಕ್ಷರವಾಗಿ "ಗಂಗಮ್ಮ" ಎಂದು ಬರೆದರು. ಅವರಿಗೆ ಬರೆಯಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಹಸಿರು ಗೌನು ತೊಟ್ಟು ಅವರು ಯಾರ ಕೈಯನ್ನೂ ಹಿಡಿಯದೆ ಒಳಗೆ ನಡೆದಾಗ, ಇಡೀ ವಾರ್ಡಿಗೆ ಕೇಳುವಂತೆ "ನಮ್ಮಜ್ಜಿ" ಎನ್ನಬೇಕೆನಿಸಿತು.

ಬಾಗಿಲಲ್ಲಿ ಅಜ್ಜಿ ತಿರುಗಿ ನರ್ಸಿಗೆ ಹೇಳಿದರು: "ಪಾಪ, ಆ ಮಗೀಗೂ ಎಲ್ಲಾರ ಒಂದ್ಕಡೆ ಸೈನ್ ಹಾಕುಸ್ಕೊಳಮ್ಮ, ಬೇಜಾರ್ ಮಾಡ್ಕೊಂಡವ್ಳೆ."

ನರ್ಸ್ ಒಂದು ರಿಜಿಸ್ಟರು ತಂದರು. ಅದರಲ್ಲಿ ಹೀಗಿತ್ತು: "ಬೆಡ್‌ಶೀಟು ಒಂದು, ದಿಂಬು ಒಂದು, ಪಡೆದುಕೊಂಡಿದ್ದೇನೆ."

ಪೂರ್ತಿ ಓದಿಯೇ ಸಹಿ ಹಾಕಿದೆ. ಈ ಸಲ ಓದಿದ್ದು ಮನಸ್ಸಿನಲ್ಲೇ!