ಹೆಳವರ ಬಾಯಲ್ಲಿ ಬಿ.ಎ.

ಮನೆತನದ ಹಳೆಯ ಸುದ್ದಿ ಕೆದಕುವ ಹುಚ್ಚು ಗಂಡಸರಿಗೆ ಹೆಚ್ಚೋ, ಹೆಂಗಸರಿಗೆ ಹೆಚ್ಚೋ ಎಂದು ಯಾರಾದರೂ ಕೇಳಿದರೆ ನಾನು ಎದ್ದು ನಿಂತೇ ಉತ್ತರ ಕೊಡುತ್ತೇನೆ. ಕುಳಿತು ಹೇಳುವಷ್ಟು ತಾಳ್ಮೆ ನನಗಿಲ್ಲ. ಕೊಪ್ಪಳದ ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಈ ವಾದ ಬಂತೆಂದರೆ ನನ್ನ ರೊಟ್ಟಿ ಒಣಗಿ ಹಪ್ಪಳವಾಗುತ್ತದೆ, ವಾದ ಮುಗಿಯುವುದಿಲ್ಲ. ಗಂಡಸರಿಗೆ ಮುತ್ತಜ್ಜ ನೆನಪಾಗುವುದು ಹೊಲ ಪಾಲಾಗುವಾಗ ಮಾತ್ರ. ವಾರಸಾ ಮಾಡಿಸಲು ವಂಶಾವಳಿ ಬೇಕೆಂದು ತಹಶೀಲ್ದಾರರ ಕಚೇರಿಯಲ್ಲಿ ಹೇಳಿದ ದಿನ ‘ನಮ್ಮಜ್ಜನ ಅಪ್ಪನ ಹೆಸರು ಏನಿತ್ತು?’ ಎಂದು ಓಡಿಬಂದು ಕೇಳುತ್ತಾರೆ. ಯಾರನ್ನು ಕೇಳುತ್ತಾರೆ? ಮನೆಯ ಹೆಂಗಸರನ್ನು! ಕೆಲಸವಾದ ಮೇಲೆ ಆ ಮುತ್ತಜ್ಜ ಮತ್ತೆ ಮಣ್ಣಿಗೆ. ನಮ್ಮ ಆಸಕ್ತಿಗೆ ಹೊಲದ ಆಸೆಯಿಲ್ಲ. ಎಷ್ಟೆಂದರೂ ಹೊಲ ನಮ್ಮ ಹೆಸರಿಗೆ ಬರುವುದು ಅಷ್ಟರಲ್ಲೇ ಇದೆ.

ಸಾಕ್ಷಿ ಬೇಕೆ? ಒಮ್ಮೆ ಕುಷ್ಟಗಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆವು. ಪಕ್ಕದಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ‘ಯಾವೂರಾತಬೇ?’ ಎಂದು ನಾನು ಕೇಳಿದೆ. ‘ಅಳವಂಡಿರೀ’ ಎಂದಳು. ‘ಅಳವಂಡಿಯಾಗ ಯಾರ ಪೈಕಿ?’ ಅಷ್ಟು ಕೇಳಿದ್ದೇ ತಡ, ಬಸ್ಸು ಊರು ದಾಟುವುದರೊಳಗೆ ಅವಳ ಅತ್ತೆಯ ತಂಗಿಯನ್ನು ನಮ್ಮ ಸೋದರಮಾವನ ಷಡ್ಡಕನ ಮನೆಗೆ ಕೊಟ್ಟಿದ್ದು ಹೊರಬಿತ್ತು. ಕೊಪ್ಪಳದಲ್ಲಿ ಇಳಿಯುವಾಗ ಅವಳು ನನ್ನ ಕೈ ಹಿಡಿದು ‘ದೀಪಾವಳಿಗೆ ಬಾರವಾ’ ಎಂದು ಕರೆದಳು. ಮುಂದಿನ ಸೀಟಿನಲ್ಲಿ ನನ್ನ ಗಂಡನೂ ಅವಳ ಗಂಡನೂ ದಾರಿಯುದ್ದಕ್ಕೂ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಅವರ ನಡುವೆ ನಡೆದ ಮಾತು ಒಂದೇ. ‘ಟೈಮೆಷ್ಟಾತ್ರಿ?’

ನಮ್ಮ ಮನೆಯವರ ವಿಷಯ ಬಂದಾಗ ನನ್ನ ವಾದಕ್ಕೆ ಇನ್ನಷ್ಟು ಬಲ ಬರುತ್ತಿತ್ತು. ‘ನಿಮ್ಮಜ್ಜನ ಹೆಸರೇನ್ರಿ?’ ಎಂದರೆ ‘ಅಜ್ಜ’ ಎನ್ನುತ್ತಾರೆ. ‘ಅವರಪ್ಪನ ಹೆಸರು?’ ‘ಮುತ್ಯಾ.’ ಒತ್ತಿ ಕೇಳಿದರೆ, ‘ಸತ್ತವರ ಸುದ್ದಿ ತಗೊಂಡು ಏನ ಮಾಡ್ತಿ? ಇದ್ದವರ್ನ ಸಂಭಾಳಿಸೂದ ನನಗ ರಗಡ ಆಗೇತಿ’ ಎಂದು ನನ್ನ ಕಡೆ ನೋಡುತ್ತಾರೆ.

ನನಗೆ ಹೆಸರಿನ ಮೇಲೆ ಇಷ್ಟೊಂದು ವ್ಯಾಮೋಹವೇಕೆ ಎಂದರೆ, ನನ್ನ ಹೆಸರನ್ನು ನಾನು ದುಡಿದು ಗಳಿಸಿದ್ದೇನೆ. ಯಲಬುರ್ಗಾ ತಾಲ್ಲೂಕಿನ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ ನಾನು. ಗಂಡು ಹೆಣ್ಣು ಎಲ್ಲ ಸೇರಿ ಮೊದಲು! ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ಬಿ.ಎ. ಪಾಸಾದೆ. ಜಿಲ್ಲೆಗೆ ಮೆರವಣಿಗೆ ಮಾಡಿದರು, ನನಗೆ ಮಾಡಲಿಲ್ಲ, ಅಷ್ಟೇ ವ್ಯತ್ಯಾಸ. ಕೊನೆಯ ವರ್ಷದ ಪರೀಕ್ಷೆಗೆ ಬಸ್ಸು ತಪ್ಪಿ, ಮಾರ್ಕೆಟ್ಟಿಗೆ ಹೊರಟಿದ್ದ ಟ್ರ್ಯಾಕ್ಟರಿನಲ್ಲಿ ಕಡಲೆ ಚೀಲಗಳ ಮೇಲೆ ಕುಳಿತು ಹೋಗಿದ್ದೆ. ತಲೆಯಲ್ಲಿ ಹೊಟ್ಟು, ಕೈಯಲ್ಲಿ ಹಾಲ್‌ಟಿಕೆಟ್ಟು. ಕೋಣೆಯಲ್ಲಿದ್ದ ಮೇಷ್ಟ್ರು ‘ರಾಶಿ ಮುಗಿಸಿ ಬಂದ್ಯೇನವಾ?’ ಎಂದು ಕೇಳಿದ್ದರು. ಮದುವೆಯಲ್ಲಿ ಇನ್ನೊಂದು ಗಂಡಾಂತರ. ನಮ್ಮ ಕಡೆ ಸೊಸೆ ಬಂದಾಗ ಅವಳ ಹೆಸರು ತೆಗೆದು ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ಅಕ್ಕಿ ಹಿಡಿದು ಹೆಸರಿಡಲು ನಿಂತ ಹಿರಿಯರಿಗೆ ನಾನು ಬಾಸಿಂಗ ಕಟ್ಟಿಕೊಂಡೇ ಹೇಳಿದೆ: ‘ಮಾರ್ಕ್ಸ್ ಕಾರ್ಡಿನ್ಯಾಗ ಗಿರಿಜಾ ಅಂತ ಐತ್ರಿ. ಬದಲಿ ಮಾಡಬೇಕಂದ್ರ ನೀವ ಹೋಗಿ ಯುನಿವರ್ಸಿಟಿಯಾಗ ಪಾಳಿ ಹಚ್ಚಬೇಕಾಕ್ಕೈತಿ.’ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಕ್ಕಿಯನ್ನು ಸುಮ್ಮನೆ ತಲೆಗೆ ಹಾಕಿಬಿಟ್ಟರು. ಹೀಗೆ ಗಿರಿಜಾ ಗಿರಿಜಾ ಆಗಿಯೇ ಉಳಿದಳು.

ಇಂಥ ನನಗೆ ಒಂದು ದಿನ ತವರಿನಿಂದ ಅವ್ವ ಫೋನ್ ಮಾಡಿದಳು. ‘ಹೆಳವರು ಬಂದಾರ. ನಾಳೆ ನಮ್ಮ ಮನಿಯಾಗ ಹೇಳ್ತಾರಂತ. ಬರ್ತೀ ಏನ?’

ಬರ್ತೀ ಏನ ಎಂದರೆ ಏನರ್ಥ? ಹೆಳವರೆಂದರೆ ಒಕ್ಕಲುತನದ ಮನೆಗಳ ವಂಶವನ್ನು ಬಾಯಲ್ಲಿ ಹೊತ್ತು ತಿರುಗುವವರು. ಹಲವು ವರ್ಷಕ್ಕೊಮ್ಮೆ ಬಂದು, ಅಂಗಳದಲ್ಲಿ ನಿಂತು, ಮೂಲ ಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ರಾಗವಾಗಿ ಹೇಳಿ, ಜೋಳ, ಬಟ್ಟೆ ಇಸಿದುಕೊಂಡು ಹೋಗುತ್ತಾರೆ. ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ. ಆಮೇಲೆ ಅವರು ಬಂದಾಗೆಲ್ಲ ನನಗೆ ಪರೀಕ್ಷೆ, ಇಲ್ಲವೆ ಹೆರಿಗೆ, ಇಲ್ಲವೆ ಆಡಿಟ್. ಈ ಸಲ ಬಿಡುವ ಮಾತೇ ಇಲ್ಲ. ನನ್ನ ಹೆಸರನ್ನು ನನ್ನ ತವರಿನ ಅಂಗಳದಲ್ಲಿ ಹೆಳವರ ಬಾಯಿಂದ ಕೇಳಬೇಕು. ಬರೀ ಹೆಸರಲ್ಲ, ಬಿ.ಎ. ಸಮೇತ! ರಾತ್ರಿಯೇ ರಜೆಚೀಟಿ ಬರೆದಿಟ್ಟೆ. ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಬೈಕಿನ ಹಿಂದೆ ಹತ್ತಿದಾಗ ನಮ್ಮ ಮನೆಯವರು ‘ಯಾರದರ ಮದುವಿ ಐತೇನು?’ ಎಂದರು.

ಹಿಂದೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ಈಗ ಬಂದಿದ್ದ ಹೆಳವರ ಅಜ್ಜನಿಗೆ ಮೋಟರ್ ಸೈಕಲ್ ಇತ್ತು. ಪದ್ಧತಿ ಬಿಡಬಾರದೆಂದು ಅದರ ಹ್ಯಾಂಡಲ್ಲಿಗೆ ಎತ್ತಿನ ಕೊರಳಗಂಟೆ ಕಟ್ಟಿದ್ದ. ಅಂಗಳದಲ್ಲಿ ಕಂಬಳಿ ಹಾಸಿತ್ತು. ಅದರ ಮೇಲೆ ನಮ್ಮಣ್ಣ ಬಸಣ್ಣ ಹೊಸ ರುಮಾಲು ಸುತ್ತಿಕೊಂಡು ತಾನೇ ಮೂಲ ಪುರುಷನಂತೆ ಕುಳಿತಿದ್ದ. ಪಕ್ಕದಲ್ಲಿ ಓಣಿಯ ನಾಲ್ಕು ಗಂಡಸರು. ನಮ್ಮ ಮನೆಯವರು ಬೇವಿನ ಮರದ ಕೆಳಗೆ ಕುಳಿತು ಮೊಬೈಲು ತೆಗೆದರು. ಹೆಂಗಸರೆಲ್ಲ ಹೊಸ್ತಿಲ ಒಳಗೆ, ಒಬ್ಬರ ಹೆಗಲ ಮೇಲೆ ಒಬ್ಬರ ಗದ್ದ. ಎಷ್ಟು ಕಿವಿ ಒಳಗಿದ್ದವು, ಎಷ್ಟು ಹೊರಗಿದ್ದವು ನೋಡಿ! ನನ್ನ ವಾದಕ್ಕೆ ಇನ್ನೇನು ಸಾಕ್ಷಿ ಬೇಕು?

ಅಜ್ಜ ಹ್ಯಾಂಡಲ್ಲಿನ ಗಂಟೆ ಬಿಚ್ಚಿ ಬಾರಿಸಿ ಶುರು ಮಾಡಿದ. ಯಾವುದೋ ಕಾಲದಲ್ಲಿ ಹೊಳೆಯಾಚೆಯಿಂದ ಒಂಟೆತ್ತು ಹೊಡೆದುಕೊಂಡು ಬಂದ ದ್ಯಾಮಣ್ಣ, ದ್ಯಾಮಣ್ಣನ ಮಗ ಫಕೀರಪ್ಪ, ಫಕೀರಪ್ಪನ ಮಗ ಹನುಮಪ್ಪ, ಜಗಳಾಡಿ ಬೇರೆಯಾದ ಮಲ್ಲಪ್ಪ... ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಇವರೆಲ್ಲ ನನ್ನವರು! ಯಾರೂ ಒಂದು ಅಕ್ಷರ ಕಲಿತವರಲ್ಲ, ಎಲ್ಲರೂ ಸಾಲಾಗಿ ನನ್ನ ಬಿ.ಎ. ಕಡೆಗೇ ನಡೆದು ಬರುತ್ತಿದ್ದಾರೆ ಎನ್ನಿಸಿತು. ರಾಗ ಇಳಿಯುತ್ತ ಇಳಿಯುತ್ತ ನಮ್ಮಪ್ಪ ಈರಪ್ಪನಿಗೆ ಬಂತು. ನಾನು ಸೆರಗು ಸರಿಮಾಡಿಕೊಂಡೆ. ‘ಈರಪ್ಪನ ಮಗ ಬಸವರಾಜಾ...’ ಎಂದ ಅಜ್ಜ, ಅಣ್ಣನ ಇಬ್ಬರು ಗಂಡುಮಕ್ಕಳ ಹೆಸರು ಹೇಳಿ, ಗಂಟೆ ಬಾರಿಸಿ, ನೀರು ಕೇಳಿದ.

‘ಯಜ್ಜಾ, ನನ್ನ ಹೆಸರು ಬಿಟ್ಟೀರಿ’ ಎಂದೆ.

‘ಬಿಟ್ಟಿಲ್ಲ ತಂಗಿ. ಹೆಣ್ಣಮಕ್ಕಳ ಹೆಸರು ತವರುಮನ್ಯಾಗ ಹೇಳೂದಿಲ್ಲ. ನೀ ಕೊಟ್ಟ ಮನಿಯಾಕಿ.’

‘ಕೊಟ್ಟ ಮನೀಗೂ ಹೆಳವರು ಬಂದಿದ್ರಂತ, ನಮ್ಮ ಅತ್ತಿ ಕೇಳ್ಯಾರ. ಅವರು, ಹೊರಗಿಂದ ಬಂದಾಕಿ, ಅಕೀ ಹೆಸರು ಬರೂದಿಲ್ಲ ಅಂದ್ರಂತ. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂದ್ರ ನಾ ಎಲ್ಲಿಯಾಕ್ರಿ? ನಡುದಾರಿಯಾಗಿನ ಕುಕನೂರು ಬಸ್‌ಸ್ಟ್ಯಾಂಡಿನ್ಯಾಕೇನು?’

ಒಳಗಿನ ಹೆಂಗಸರು ಕಿಸಕ್ಕೆಂದರು. ಅಣ್ಣ ರುಮಾಲು ಸರಿಮಾಡಿಕೊಂಡು, ‘ಬಿಡ ಗಿರಿಜಾ. ಹೆಸರು ಹೇಳಿದ್ರ ಏನ ಹೆಚ್ಚಾಕ್ಕೈತಿ?’ ಎಂದ.

‘ಹೆಚ್ಚಾಗಂಗಿಲ್ಲಂದ್ರ ನಿಂದು ತಗಸು.’

‘ಹೇಳ್ರಿ ಅಜ್ಜಾರ, ಇನ್ನೊಂದು ಮೊರ ಜ್ವಾಳ ಹಾಕತೀನಿ’ ಎಂದು ಅತ್ತಿಗೆ ಒಳಗಿನಿಂದ ಕೂಗಿದಳು. ‘ನಮ್ಮವೂ ಹೇಳ್ಲಿ, ನಾವೇನ ಬ್ಯಾಡ ಅಂದೀವೇನು?’ ಎಂದು ಪಕ್ಕದ ಮನೆಯವಳು ಸೇರಿಸಿದಳು. ಹೊಸ್ತಿಲು ದಾಟಿ ಹೆಂಗಸರು ಅಂಗಳಕ್ಕೆ ಇಳಿದೇಬಿಟ್ಟರು. ಕಂಬಳಿಯ ಮೇಲಿದ್ದ ಗಂಡಸರು ಒತ್ತರಿಸಿ ಕುಳಿತರು. ನನಗೆ ಆ ಗಳಿಗೆಯಲ್ಲಿ ಎಂಥ ಹುಮ್ಮಸ್ಸು ಬಂತೆಂದರೆ, ಕಚೇರಿಯವರೆಲ್ಲ ಇಲ್ಲಿ ಇರಬೇಕಿತ್ತು ಎನ್ನಿಸಿತು.

ಹೆಳವರ ಅಜ್ಜ ಜೋಳದ ಮೊರ ನೋಡಿದ, ಹೆಂಗಸರನ್ನು ನೋಡಿದ, ನಕ್ಕ. ‘ಹೇಳಾಕ ನನಗೇನು ಬ್ಯಾಸರಿಲ್ಲ ತಂಗಿ. ಆದ್ರ ಸುಮ್ಮ ನಡುವ ತುರುಕಾಕ ಬರೂದಿಲ್ಲ. ಗಂಡಿನ ಹೆಸರು ಹೇಳಬೇಕಂದ್ರ ಅಪ್ಪನ ಹೆಸರಿನಿಂದ ಎತ್ತಕೋತೀವಿ. ಹೆಣ್ಣಿಂದು ಹೇಳಬೇಕಂದ್ರ ಅವ್ವನ ಹೆಸರಿನಿಂದ ಎತ್ತಕೋಬೇಕು. ನಿಮ್ಮವ್ವನ ಹೆಸರು ಹೇಳು.’

‘ಬಸಲಿಂಗವ್ವ!’ ಎಂದೆ, ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ಉತ್ತರ ಗೊತ್ತಿದ್ದವಳಂತೆ.

‘ಅದು ಈ ಮನಿಯವರು ಇಟ್ಟ ಹೆಸರು. ನಿನಗ ಹೆಣ್ಣಿನ ದಾರಿ ಬೇಕಂದ್ರ ಹೆಣ್ಣು ಹುಟ್ಟಿದ ಹೆಸರು ಬೇಕು. ಹುಟ್ಟಾ ಏನಂತ ಕರೀತಿದ್ರು ಅಕೀನ್ನ?’

ಅವ್ವನ ತವರು ವಿರೂಪಾಪುರಗಡ್ಡೆ ಎಂದು ಗೊತ್ತು. ಹೊಳೆಯ ನಡುವಿನ ನೆಲ, ಸುತ್ತ ಭತ್ತದ ಗದ್ದೆ, ಮದುವಣಗಿತ್ತಿಯಾಗಿ ಹರಗೋಲಿನಲ್ಲಿ ಕುಳಿತು ಬಂದವಳು ಎಂದೂ ಗೊತ್ತು. ಊರಲ್ಲಿ ಎಲ್ಲರೂ ಅವಳನ್ನು ‘ಗಡ್ಡಿಯಾಕಿ’ ಎಂದೇ ಕರೆಯುವುದು. ಬಸ್ಸಿನಲ್ಲಿ ಸಿಕ್ಕವಳ ಅತ್ತೆಯ ತಂಗಿಯ ಹೆಸರು ಗೊತ್ತು ನನಗೆ. ನನ್ನವ್ವ ಹುಟ್ಟಿದ ಹೆಸರು? ಒಂದು ದಿನವೂ ಕೇಳಿರಲಿಲ್ಲ. ತಿರುಗಿ ಅವ್ವನ ಕಡೆ ನೋಡಿದೆ. ಅತ್ತಿಗೆ ಬಾಯಿ ತೆರೆಯಹೋದಳು. ಅವ್ವ ತಡೆದಳು.

‘ಸುಮ್ಕಿರ ನೀ. ಅಕೀನ ಹೇಳ್ಲಿ. ಬಿ.ಎ. ಓದ್ಯಾಳ.’

ಹಾಲ್‌ಟಿಕೆಟ್ಟಿದ್ದೂ ಉತ್ತರ ಬಾರದೆ ಕುಳಿತ ಹುಡುಗಿಯಾದೆ ನಾನು. ಆಗ ಬೇವಿನ ಮರದ ಕೆಳಗಿನಿಂದ, ಮೊಬೈಲಿನಿಂದ ತಲೆ ಎತ್ತದೆಯೇ, ನಮ್ಮ ಮನೆಯವರು ಹೇಳಿದರು: ‘ತುಂಗವ್ವ.’

ಎಲ್ಲರೂ ಅತ್ತ ತಿರುಗಿದರು. ‘ನಿಮಗ ಹೆಂಗ ಗೊತ್ರಿ?’ ಎಂದು ನಾನು ಚೀರಿದೆ.

‘ಕಣ್ಣಿನ ಆಪರೇಶನ್ನಿಗೆ ಅತ್ತೀನ್ನ ಗಂಗಾವತಿಗೆ ಕರ್ಕೊಂಡು ಹೋಗಿದ್ನೆಲ್ಲ? ನಿನಗ ರಜಾ ಸಿಗಲಿಲ್ಲ. ಬರೂಮುಂದ ಹೊಳಿ ದಂಡಿಗೆ ಗಾಡಿ ನಿಲ್ಸಂದ್ರು, ನಿಲ್ಸಿದ್ನಿ. ಹೆಸರೇನಿತ್ರಿ ಅತ್ತಿ ಅಂತ ಕೇಳಿದ್ನಿ, ಹೇಳಿದ್ರು.’ ಅಷ್ಟು ಹೇಳಿ ಮತ್ತೆ ಮೊಬೈಲಿಗೆ ಇಳಿದರು. ಕೇಳಿದ್ನಿ, ಹೇಳಿದ್ರು! ಸಂಶೋಧನೆ ಎಂದರೆ ಅಷ್ಟೇ ಎನ್ನುವಂತೆ!

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ. ‘ಈ ಅಂಗಳದಾಗ ಆ ಹೆಸರು ಯಾರೂ ಕರ್ದಿರ್ಲಿಲ್ಲ ನೋಡವಾ. ಅಳಿಯಂದ್ರು ಕರದ್ರು’ ಎಂದಳು.

ಅಜ್ಜ ಗಂಟೆ ಎತ್ತಿದ. ‘ಗಡ್ಡಿಯಿಂದ ಹರಗೋಲದಾಗ ಬಂದ ತುಂಗವ್ವಾ... ತುಂಗವ್ವನ ಮಗಳು ಗಿರಿಜಾ...’ ಎಂದು ರಾಗ ತೆಗೆದ. ‘ಬಿ.ಎ. ಅನ್ರಿ’ ಎಂದು ನೆನಪು ಮಾಡಿದೆ. ಅಜ್ಜ ಎರಡು ಸಲ ಪ್ರಯತ್ನಿಸಿದ. ಮೂಲ ಪುರುಷನ ಕಾಲದಿಂದ ಬಂದ ಆ ರಾಗಕ್ಕೆ ಬಿ.ಎ. ಕೂಡಿ ಬರುತ್ತಿರಲಿಲ್ಲ. ಕೊನೆಗೆ ಎಳೆದೇ ಹೇಳಿದ: ‘ಗಿರಿಜಾ ಬೀ... ಯೇ... ಏ... ಏ...’

ಗೋದಲಿಯ ಪಕ್ಕ ಕಟ್ಟಿದ್ದ ಆಡು ತಲೆ ಎತ್ತಿ ಅದೇ ರಾಗದಲ್ಲಿ ಉತ್ತರ ಕೊಟ್ಟಿತು.

ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಅಣ್ಣನ ರುಮಾಲು ಬಿಚ್ಚಿಹೋಯಿತು. ನಾನೂ ನಕ್ಕೆ. ನಗದೆ ಏನು ಮಾಡಲಿ? ನಮ್ಮ ವಂಶದ ಮೊದಲ ಪದವಿಗೆ ಒಂದಾದರೂ ಜೀವ ದನಿ ಕೂಡಿಸಿತಲ್ಲ. ಆಮೇಲೆ ಓಣಿಯ ಹೆಂಗಸರೆಲ್ಲ ಪಾಳಿ ಹಚ್ಚಿ ತಮ್ಮ ತಮ್ಮ ಹುಟ್ಟಿದ ಹೆಸರು ಹೇಳಿಸಿಕೊಂಡರು. ಕೆಲವರ ಹೆಸರು ಕೇಳಿ ಅವರ ಗಂಡಂದಿರೇ ಬೆರಗಾದರು. ಸಂಜೆ ಹೊರಟಾಗ ಅಜ್ಜನ ಮೋಟರ್ ಸೈಕಲ್ಲು ಜೋಳದ ಭಾರಕ್ಕೆ ಎತ್ತಿನಂತೆಯೇ ಹೆಜ್ಜೆ ಹಾಕಿತು.

ಕೊಪ್ಪಳಕ್ಕೆ ಮರಳುವ ದಾರಿಯಲ್ಲಿ ನನ್ನ ತಲೆಯಲ್ಲಿ ಮರುದಿನದ ವಾದ ತಯಾರಾಗುತ್ತಿತ್ತು. ಹೊಸ್ತಿಲು ದಾಟಿ ಬಂದ ಹೆಂಗಸರು, ಪಾಳಿ, ರಾಗ, ಎಲ್ಲವನ್ನೂ ಹೇಳಬೇಕು. ಬೇವಿನ ಮರದ ಕೆಳಗಿನದನ್ನು ಮಾತ್ರ ಬಿಟ್ಟುಬಿಡಬೇಕು. ಹೆಳವರು ಇಷ್ಟು ವರ್ಷ ನಮ್ಮನ್ನು ಬಿಟ್ಟಿಲ್ಲವೆ, ಒಬ್ಬ ಗಂಡಸನ್ನು ನಾನು ಬಿಟ್ಟರೆ ಏನಾಯಿತು?

ಕುಕನೂರು ಬಸ್‌ಸ್ಟ್ಯಾಂಡಿನ ಎದುರು ಅವರು ಬೈಕು ನಿಲ್ಲಿಸಿ ಮಿರ್ಚಿ ಭಜಿ ತಂದುಕೊಟ್ಟರು. ‘ಇಳಿ, ನಿಮ್ಮೂರು ಬಂತು’ ಎಂದು ನಕ್ಕರು. ನಾನು ಇನ್ನೂ ಉಬ್ಬಿಕೊಂಡೇ ಇದ್ದೆ. ‘ನೋಡಿದ್ರಿಲ್ಲ, ಹೆಣ್ಣಮಕ್ಕಳಿಗೆ ಎಷ್ಟು ಆಸಕ್ತಿ ಅಂತ?’ ಎಂದೆ.

‘ನೋಡಿದ್ನಿ’ ಎಂದು ಅವರು ಒಂದು ಮಿರ್ಚಿ ಮುರಿದರು. ‘ಅಲ್ಲ, ನನ್ನ ಮದುವ್ಯಾದಾಗಿಂದ ನಮ್ಮವ್ವನ ಕೂಡ ಒಂದ ಮನಿಯಾಗ ಅದೀ. ಅಕೀ ಹುಟ್ಟಿದ ಹೆಸರು ಏನು, ಹೇಳು ನೋಡೂಣು?’

ನನ್ನ ಬಾಯಲ್ಲಿ ಅಷ್ಟು ಹೊತ್ತಿಗೆ ಮಿರ್ಚಿ ಇತ್ತು. ಇರಲಿಲ್ಲ, ಇಟ್ಟುಕೊಂಡೆ. ಬಾಯಿ ತುಂಬ ತಿಂಡಿ ಇಟ್ಟುಕೊಂಡು ಮಾತಾಡುವುದು ಸಭ್ಯತೆಯಲ್ಲ. ಅಷ್ಟೂ ಗೊತ್ತಿಲ್ಲವೆ ನನಗೆ? ನಾನು ಬಿ.ಎ. ಓದಿದವಳು.